ಬಣ್ಣದ ಡಬ್ಬಿ ಆಮೇಲೆ ತೆಗೆ, ಮರಿ

ಮೊದಲು ಆ ಬಂಗಾರದ ಬಣ್ಣದ ಡಬ್ಬಿಯ ಮುಚ್ಚಳ ಬಿಗಿಮಾಡಿ ಅಟ್ಟದ ಮೇಲಿಡು. ಜಿಪ್ಸಿ ಗಾಡಿಯ ಮಾಡೆಲ್ ಮಾಡ್ತೀನಿ ಅಂತ ಹೊರಟ ನೀನು ಮೊದಲು ಕೊಂಡದ್ದು ಬಣ್ಣ, ಅದರಲ್ಲೂ ಬಂಗಾರದ್ದು. ಗಾಲಿ ಎಷ್ಟೆತ್ತರ ಅಂತ ಕೇಳಿದರೆ ಗೊತ್ತಿಲ್ಲ. ಬಾಗಿಲು ಮುಂದಿದೆಯೋ ಹಿಂದಿದೆಯೋ ಅಂದರೆ ಫೋನ್ ತೆಗೀತೀಯ. ಹೆಣ್ಣು ನೋಡೋ ಶಾಸ್ತ್ರಕ್ಕೂ ಮುಂಚೆ ವಾಲಗದವರಿಗೆ ಅಡ್ವಾನ್ಸ್ ಕೊಟ್ಟ ಹಾಗಾಯಿತು ಇದು.

ಬೈತಾ ಇಲ್ಲ, ಮುಖ ಸಣ್ಣ ಮಾಡ್ಕೋಬೇಡ. ನಿನ್ನ ಕೈ ಒಳ್ಳೆಯದು. ಕಣ್ಣು ಚುರುಕಾಗಿದೆ, ಹಿಡಿದದ್ದು ಬಿಡದ ಹಠ ಇದೆ. ಇಲ್ಲದಿರೋದು ಒಂದೇ. ಉಳಿ ಎತ್ತೋ ಮುಂಚೆ 'ಇದು ಯಾಕೆ ಹೀಗಿದೆ' ಅಂತ ಕೇಳೋ ಅಭ್ಯಾಸ.

ನಾನು ಫೌಂಡ್ರಿಯ ಪ್ಯಾಟರ್ನ್ ಶಾಪಿನಲ್ಲಿ ಮರ ಕೆತ್ತಿ ಬದುಕಿದವನು. ಎರಕ ಹೊಯ್ಯೋಕೆ ಮರಳಿನಲ್ಲಿ ಅಚ್ಚು ಮೂಡಿಸಬೇಕಲ್ಲ, ಅದಕ್ಕೆ ಬೇಕಾದ ಮರದ ನಮೂನೆ ಮಾಡೋದು ನಮ್ಮ ಕೆಲಸ. ಹೊಸದಾಗಿ ಸೇರಿದ ಹುಡುಗರ ಕೈಗೆ ನಮ್ಮ ಮೇಸ್ತ್ರಿ ಉಳಿ ಕೊಡ್ತಿರಲಿಲ್ಲ. ಡ್ರಾಯಿಂಗ್ ಹರಡಿ, 'ಈ ಗೋಡೆ ನೆಟ್ಟಗಿಲ್ಲ, ಸ್ವಲ್ಪ ಓರೆ ಇದೆ. ಯಾಕೆ ಹೇಳು' ಅನ್ನೋರು. ನಮೂನೆಯನ್ನು ಮರಳಿನಿಂದ ಮೇಲೆತ್ತುವಾಗ ಮರಳು ಕುಸೀಬಾರದು, ಅದಕ್ಕೇ ಆ ಓರೆ. ಇದನ್ನು ಹೇಳಿದವನಿಗೆ ಉಳಿ. ಹೇಳದವನಿಗೆ ಪೊರಕೆ. ನಿನಗೆ ಸದ್ಯಕ್ಕೆ ಪೊರಕೆ ಕೊಡಬೇಕು ಅನ್ನಿಸುತ್ತೆ.

ಸುಮ್ಮನೆ ಒಂದು ಪ್ರಶ್ನೆ ಕೇಳ್ತೀನಿ. ನಿನ್ನ ಗಾಡಿಯ ಹೊಗೆಕೊಳವೆಯನ್ನು ಯಾವ ಕಡೆ ಇಡ್ತೀಯ? 'ಚೆಂದ ಕಾಣೋ ಕಡೆ' ಅಂದೀಯ, ಗೊತ್ತು. ಇಂಗ್ಲೆಂಡಿನಲ್ಲೂ ನಮ್ಮ ಹಾಗೇ ಗಾಡಿ ರಸ್ತೆಯ ಎಡಕ್ಕೆ ಹೋಗುತ್ತೆ. ಆ ಹಳ್ಳಿದಾರಿಗಳ ಅಂಚಿನಲ್ಲಿ ಬೇಲಿ, ಬೇಲಿಯ ಮೇಲೆ ಬಾಗಿದ ಮರದ ಕೊಂಬೆ. ಕೊಳವೆ ಎಡಗಡೆ ಇದ್ದರೆ ಮೊದಲನೇ ಮೈಲಿಯಲ್ಲೇ ಮುರಿದು ಬೀಳುತ್ತೆ. ಅದಕ್ಕೇ ಅದು ಬಲಗಡೆ, ರಸ್ತೆಯ ನಡುವಿನ ಕಡೆ. ಬಾಗಿಲು ಗಾಡಿಯ ಮುಂದಿರೋದರಿಂದ ಒಳಗೆ ಕಾಲಿಟ್ಟವರಿಗೆ ಒಲೆ ಎಡಗೈ ಪಕ್ಕಕ್ಕೆ ಬರುತ್ತೆ, ಎದುರಿಗೆ ಬಲಗಡೆ ಡ್ರಾಯರ್ ಪೆಟ್ಟಿಗೆ. ಒಂದು ಕೊಂಬೆ ಒಂದು ಮನೆಯ ಒಳಗನ್ನೆಲ್ಲ ಜೋಡಿಸಿಕೊಟ್ಟಿದೆ, ನೋಡು. ಇದು ಗೊತ್ತಿದ್ದರೆ ಪುಸ್ತಕದಲ್ಲಿ ಎಡಬಲ ತಿರುವುಮುರುವಾಗಿ ಅಚ್ಚಾದ ಫೋಟೋವನ್ನೂ ಪತ್ತೆ ಹಚ್ಚಬಹುದು. ಗೊತ್ತಿಲ್ಲದಿದ್ದರೆ ಅದನ್ನೇ ನೋಡಿಕೊಂಡು ಉಲ್ಟಾ ಗಾಡಿ ಕಟ್ತೀಯ.

ಇನ್ನು, ಯಾವ ಗಾಡಿ? 'ಜಿಪ್ಸಿ ಗಾಡಿ' ಅಂದರೆ ಸಾಲದು. ಬ್ರಿಟನ್ನಿನ ರೊಮಾನಿ ಜನ ಬಹುಕಾಲ ಇದ್ದದ್ದು ಗುಡಾರದಲ್ಲಿ. ಹಸಿ ಕೋಲು ಬಗ್ಗಿಸಿ ನೆಲಕ್ಕೆ ಊರಿ, ಮೇಲೆ ಕಂಬಳಿ ಹೊದಿಸಿದ ಗುಡಾರ. ಚಕ್ರದ ಮೇಲಿನ ಮನೆಗೆ ಅವರು ಬಂದದ್ದು 19ನೇ ಶತಮಾನದ ಮಧ್ಯದ ಹೊತ್ತಿಗೆ. ಅದಕ್ಕೂ ಮುಂಚೆ ಜಾತ್ರೆ ಸುತ್ತಿ ಆಟ ತೋರಿಸೋರು ಇಂಥ ಗಾಡಿಯಲ್ಲಿ ಬದುಕ್ತಿದ್ದರು. 1840ರಲ್ಲಿ ಶುರುವಾದ ಡಿಕನ್ಸ್ ಅವರ 'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್' ಕಾದಂಬರಿಯಲ್ಲಿ ಮೇಣದ ಗೊಂಬೆ ತೋರಿಸುವ ಹೆಂಗಸಿಗೆ ಅಂಥದ್ದೊಂದು ಮನೆ ಇದೆ. ರೊಮಾನಿಗಳು ಈ ಗಾಡಿಗಳನ್ನು ಬಹುಮಟ್ಟಿಗೆ ತಾವೇ ಕಟ್ಟಲಿಲ್ಲ, ಇದನ್ನೂ ತಲೆಯಲ್ಲಿಟ್ಟುಕೋ. ಊರಿನ ಗಾಡಿ ಬಡಗಿಗಳಿಗೆ ಹೇಳಿ ಮಾಡಿಸಿಕೊಂಡರು, ಹೀಗಿರಲಿ ಹಾಗಿರಲಿ ಅಂತ ಪಕ್ಕದಲ್ಲಿ ನಿಂತು ಹೇಳಿದರು. ರೀಡಿಂಗ್ ಪಟ್ಟಣದ ಡಂಟನ್ ಕುಟುಂಬದ ಕಾರ್ಖಾನೆ, ಲೀಡ್ಸ್ ಹತ್ತಿರದ ರಾತ್‌ವೆಲ್ ಹೇಗ್‌ನ ಬಿಲ್ ರೈಟ್, ಇಂಥವರು ಹೆಸರುವಾಸಿ.

ರೀಡಿಂಗ್ ಗಾಡಿಯ ಪಕ್ಕದ ಗೋಡೆಗಳು ಮರದ್ದು, ನೆಟ್ಟಗೆ ಮೇಲೇರುತ್ತಾ ಹೊರಕ್ಕೆ ಬಾಗುತ್ತವೆ, ಗಾಲಿಗಳು ಗೋಡೆಯ ಹೊರಗೆ ನಿಲ್ಲುತ್ತವೆ. ಲೆಡ್ಜ್ ಅನ್ನೋದರಲ್ಲಿ ಗೋಡೆ ಗಾಲಿಯ ಮೇಲೆ ಮೆಟ್ಟಿಲಿನಂತೆ ಹೊರಚಾಚುತ್ತೆ. ಬೋ-ಟಾಪಿನಲ್ಲಿ ಬಗ್ಗಿಸಿದ ಮರದ ಕಮಾನುಗಳ ಮೇಲೆ ಹಸಿರು ಕ್ಯಾನ್ವಾಸು. ಹಗುರ, ಗಾಳಿಗೆ ಸುಲಭಕ್ಕೆ ಉರುಳದು, ತೋಪಿನೊಳಗೆ ನಿಂತರೆ ಕಣ್ಣಿಗೂ ಬೀಳದು. ಬರ್ಟನ್ ಗಾಡಿ ಆಟ ತೋರಿಸೋರದ್ದು. ಸಣ್ಣ ಗಾಲಿಗಳೆಲ್ಲ ಕೆಳಗಡೆಗೆ ಸೇರಿಕೊಂಡಿರುತ್ತವೆ, ಒಳಗೆ ವಿಶಾಲ, ಆದರೆ ಕೆಸರು ಹೊಲಕ್ಕೆ ಇಳಿದರೆ ಅಲ್ಲೇ ಸಂಸಾರ.

ಇವುಗಳಲ್ಲಿ ಒಂದನ್ನು ಆರಿಸು. ಒಂದೇ ಒಂದನ್ನು. ರೀಡಿಂಗಿನ ಗಾಲಿ ಚೆಂದ, ಬರ್ಟನ್ನಿನ ಕೆತ್ತನೆ ಚೆಂದ, ಬೋ-ಟಾಪಿನ ಚಾವಣಿ ಚೆಂದ ಅಂತ ಮೂರನ್ನೂ ಸೇರಿಸಿದರೆ ಅದು ಯಾರ ಮನೆಯೂ ಆಗಲ್ಲ. ನನ್ನನ್ನು ಕೇಳಿದರೆ ರೀಡಿಂಗ್ ಮಾಡು. ಬೋ-ಟಾಪ್ ಸುಲಭ ಅಂತ ಯಾರೋ ಹೇಳಿರ್ತಾರೆ. ಕ್ಯಾನ್ವಾಸು ಸುಕ್ಕಿಲ್ಲದೆ, ಕಮಾನಿನಿಂದ ಕಮಾನಿಗೆ ಜೋತುಬೀಳದೆ ನಿಲ್ಲಿಸೋದು ಎಂಥ ಕೆಲಸ ಅಂತ ಹೇಳಿದವರಿಗೇ ಗೊತ್ತಿರಲ್ಲ.

ಅಳತೆಗೆ ಬರೋಣ. ಕುದುರೆಗಾಡಿಯ ಮಾಡೆಲ್ ಮಾಡೋ ಇಂಗ್ಲಿಷಿನವರು ಬಹಳ ಮಂದಿ ಹಿಡಿಯೋದು ಎಂಟರಲ್ಲಿ ಒಂದು. ಅಂದರೆ ಅಸಲಿನ ಒಂದು ಅಡಿ ನಿನ್ನ ಮೇಜಿನ ಮೇಲೆ ಒಂದೂವರೆ ಇಂಚು. ರೀಡಿಂಗ್ ಗಾಡಿಯ ಒಡಲು ಸುಮಾರು 10 ಅಡಿ ಉದ್ದ, ನಿನಗೆ ಅದು 15 ಇಂಚು. ಮೂಕಿ, ಮೆಟ್ಟಿಲು, ಹಿಂದಿನ ಸರಂಜಾಮು ಎಲ್ಲಾ ಸೇರಿದರೆ ಅರ್ಧ ಮೇಜು ಬೇಕು. 'ಮನೇಲಿ ಜಾಗ ಇಲ್ಲ, ಇಪ್ಪತ್ನಾಲ್ಕರಲ್ಲಿ ಒಂದು ಮಾಡ್ತೀನಿ' ಅಂತ ಹೊರಡಬೇಡ. ಆಗ ಒಡಲು ಐದೇ ಇಂಚು. ಡ್ರಾಯರ್ ಹಿಡಿಕೆ ಸಾಸಿವೆಗಿಂತ ಸಣ್ಣದಾಗುತ್ತೆ. ಸಣ್ಣ ಅಳತೆ ಸುಲಭ ಅಂತ ನಂಬೋರೆಲ್ಲ ಹೊಸಬರೇ.

ಒಂದು ನೋಟ್‌ಬುಕ್ ಇಡು. ಎಡಪುಟದಲ್ಲಿ ಅಸಲಿನ ಅಳತೆ, ಬಲಪುಟದಲ್ಲಿ ನಿನ್ನದು, ಅದರ ಕೆಳಗೆ 'ಯಾಕೆ'. ನಕ್ಷೆ ಬೇಕಿದ್ದರೆ ಜಾನ್ ಥಾಂಪ್ಸನ್ ಅವರ ಕುದುರೆಗಾಡಿ ನಕ್ಷೆಗಳನ್ನು ಹುಡುಕು. ಇತಿಹಾಸಕ್ಕೆ ವಾರ್ಡ್-ಜಾಕ್ಸನ್ ಮತ್ತು ಡೆನಿಸ್ ಹಾರ್ವಿ ಬರೆದ 'ದಿ ಇಂಗ್ಲಿಷ್ ಜಿಪ್ಸಿ ಕ್ಯಾರವಾನ್', 1972ರ ಪುಸ್ತಕ. ಕೊಳ್ಳೋಕಾಗದಿದ್ದರೆ ಲೈಬ್ರರಿಯವರನ್ನು ಕೇಳು, ಕೇಳೋಕೆ ನಾಚಿಕೆ ಯಾಕೆ? ಮಗಳ ಮನೆಗೆ ಇಂಗ್ಲೆಂಡಿಗೆ ಹೋದಾಗೆಲ್ಲ ನಾನು ಹೋಗ್ತಿದ್ದದ್ದು ವೂಸ್ಟರ್‌ಶೈರಿನ ಹಾರ್ಟ್‌ಲ್‌ಬರಿ ಕೋಟೆಯ ಮ್ಯೂಸಿಯಂಗೆ. ಅಲ್ಲಿ ಈ ಗಾಡಿಗಳ ಒಳ್ಳೇ ಸಂಗ್ರಹ ಇದೆ. ಎಲ್ಲರೂ ಬಾಗಿಲಿನ ಕೆತ್ತನೆಯ ಮುಂದೆ ನಿಂತರೆ ನಾನು ಬಗ್ಗಿ ಗಾಡಿಯ ಅಡಿ ನೋಡ್ತಿದ್ದೆ. ಮಗಳಿಗೆ ಮುಜುಗರ. ಆದರೆ ಗಾಡಿಯ ನಿಜವೆಲ್ಲ ಇರೋದು ಅಡಿಯಲ್ಲೇ.

ಈಗ ಗಾಲಿ. ಇಲ್ಲಿ ಸ್ವಲ್ಪ ಕೂತ್ಕೋ, ಆತುರ ಬೇಡ.

ಗಾಲಿಯಿಂದ ಶುರು ಮಾಡು, ಗೋಡೆಯಿಂದಲ್ಲ. ಗೋಡೆ ಮಾಡಿ ಮುಗಿಸಿದ ಮೇಲೆ ಗಾಲಿ ಕೂರಿಸ್ತೀನಿ ಅಂದವರ ಗಾಡಿಗಳು ಇಟ್ಟಿಗೆಯ ಮೇಲೆ ನಿಂತೇ ಮುದಿಯಾಗಿದ್ದನ್ನು ನೋಡಿದ್ದೀನಿ. ರೀಡಿಂಗ್ ಗಾಡಿಯಲ್ಲಿ ಹಿಂದಿನ ಗಾಲಿ ಮುಂದಿನದಕ್ಕಿಂತ ಸುಮಾರು ಒಂದೂವರೆ ಅಡಿ ದೊಡ್ಡದು. ಯಾಕೆ? ದೊಡ್ಡ ಗಾಲಿ ಹಳ್ಳಕೊಳ್ಳ, ಕೆಸರು, ತೊರೆ ದಾಟುತ್ತೆ. ಮುಂದಿನ ಗಾಲಿಯೂ ಅಷ್ಟೇ ದೊಡ್ಡದಾದರೆ ತಿರುವಿನಲ್ಲಿ ಒಡಲಿಗೆ ಬಡಿಯುತ್ತೆ, ಗಾಡಿ ತಿರುಗಲ್ಲ. ಆದ್ದರಿಂದ ಅದು ಸಣ್ಣದು. ಹಿಂದಿನ ಗಾಲಿ ದೊಡ್ಡದಾಗಿ ಗೋಡೆಯ ಹೊರಗೆ ನಿಂತಿರೋದರಿಂದ ಗಾಡಿಯ ನೆಲ ಅಗಲವಾಗಿರೋಕೆ ಸಾಧ್ಯವಿಲ್ಲ. ಕೆಳಗೆ ಕಳೆದುಕೊಂಡ ಜಾಗವನ್ನು ಮೇಲೆ ಸಂಪಾದಿಸೋಕೆ ಗೋಡೆಗಳು ಹೊರಕ್ಕೆ ಓರೆಯಾಗುತ್ತವೆ. ನೀನು 'ಸ್ಟೈಲಿಗೆ' ಅಂದುಕೊಂಡ ಆ ಓರೆ ಗಾಲಿಯ ಲೆಕ್ಕದಿಂದ ಬಂದದ್ದು. ಗಾಲಿ ಮೊದಲು ಅಂದದ್ದು ಅದಕ್ಕೇ.

ಗಾಲಿಯ ನಡುವಿನ ಗುಂಭಕ್ಕೆ ಆ ಗಾಡಿ ಬಡಗಿಗಳು ಬಳಸ್ತಿದ್ದದ್ದು ಎಲ್ಮ್ ಮರ. ಅದರ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತೆ, ಸುತ್ತಲೂ ತೂತು ಕೊರೆದು ಆರೆಕಾಲು ಹೊಡೆದರೂ ಸೀಳಲ್ಲ. ಆರೆಕಾಲಿಗೆ ಓಕ್, ಭಾರ ತಡೆಯುತ್ತೆ. ಹೊರಬಳೆಯ ತುಂಡುಗಳಿಗೆ ಆಶ್, ಪೆಟ್ಟು ತಿಂದು ಬಗ್ಗಿ ಮತ್ತೆ ಸರಿಯಾಗುತ್ತೆ. ಮೂರು ಕೆಲಸಕ್ಕೆ ಮೂರು ಮರ. ಬಳೆಯ ಒಂದೊಂದು ತುಂಡಿಗೆ ಎರಡೆರಡು ಆರೆಕಾಲು ಬರೋದರಿಂದ ಲೆಕ್ಕ ಯಾವಾಗಲೂ ಸಮಸಂಖ್ಯೆ. ನೀನು ಗೀಚಿ ತೋರಿಸಿದ ಚಿತ್ರದಲ್ಲಿ ಹದಿಮೂರು ಇತ್ತು. ಎಣಿಸಿದೆ.

ಇನ್ನೊಂದು ಗುಟ್ಟು. ಗಾಲಿ ಚಪ್ಪಟೆಯಲ್ಲ. ಆರೆಕಾಲುಗಳು ಗುಂಭದಿಂದ ಹೊರಡುವಾಗ ಸ್ವಲ್ಪ ಹೊರಮುಖವಾಗಿ ವಾಲುತ್ತವೆ, ಹೊರಗಿನಿಂದ ನೋಡಿದರೆ ನಡು ಗುಳಿಬಿದ್ದಂತೆ ಕಾಣುತ್ತೆ. ಕುದುರೆ ನಡೆಯುವಾಗ ಗಾಡಿ ಅತ್ತಿತ್ತ ತೂಗುತ್ತೆ. ಆ ಪಕ್ಕದ ಒತ್ತಡ ತಡೆಯೋದು ಈ ಗುಳಿ. ಅಚ್ಚಿನ ತುದಿಯನ್ನೂ ತುಸು ಕೆಳಕ್ಕೆ ಬಾಗಿಸಿರ್ತಾರೆ. ಆಗ ನೆಲದ ಕಡೆಯ ಆರೆಕಾಲು ನೆಟ್ಟಗೆ ನಿಂತು ಭಾರ ಹೊರುತ್ತೆ, ಗಾಲಿಯ ಮೇಲ್ಭಾಗ ಒಡಲಿನಿಂದ ದೂರ ವಾಲುತ್ತೆ. ಚಪ್ಪಟೆ ಗಾಲಿ ಹಾಕಿದ ಮಾಡೆಲ್ಲನ್ನು ತಿಳಿದವರು ಬಾಗಿಲಿನಿಂದಲೇ ನೋಡಿ ಹೊರಟುಹೋಗ್ತಾರೆ, ಒಳಗಿನ ನಿನ್ನ ಕೆತ್ತನೆ ನೋಡೋಕೆ ಹತ್ತಿರಕ್ಕೂ ಬರಲ್ಲ.

ನೀನು ಮಾಡಬೇಕಾದದ್ದು ಇಷ್ಟು. ದಪ್ಪ ಪ್ಲೈವುಡ್ಡಿನ ಮೇಲೆ ಬಳೆಯ ವೃತ್ತ ಎಳೆದು, ಬಳೆಯನ್ನು ಹೊರಮುಖ ಕೆಳಗೆ ಮಾಡಿ ಮಲಗಿಸು. ಗುಂಭದ ಮೂತಿ ಇಳಿಯೋಕೆ ನಡುವೆ ತೂತು ಕೊರೆ. ಆರೆಕಾಲು ನಾಟುವ ಸಾಲು ಬಳೆಗಿಂತ ಮೂರು ಮಿಲಿಮೀಟರ್‌ನಷ್ಟು ಎತ್ತರದಲ್ಲಿ ನಿಲ್ಲಲಿ. ಈ ಹಲಗೆ ಮಾಡೋಕೆ ಒಂದು ಭಾನುವಾರ ಪೂರಾ ಹೋಗುತ್ತೆ, ಗಾಡಿಯ ಒಂದು ತುಂಡೂ ತಯಾರಾಗಿರಲ್ಲ. ಸಂಜೆ ನಿನಗೆ ಸಿಟ್ಟು ಬರುತ್ತೆ. ಬರಲಿ. ನಾಲ್ಕು ಗಾಲಿಯೂ ಒಂದೇ ಗುಳಿಯಲ್ಲಿ ಬರೋದು ಆ ಹಲಗೆಯ ದಯೆಯಿಂದ.

ಹಳಿ ಹಾಕೋ ವಿದ್ಯೆಯನ್ನು ನೋಡೋಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಎತ್ತಿನ ಗಾಡಿಯ ಕಮ್ಮಾರರು ಮಾಡಿದ್ದೂ ಅದನ್ನೇ. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಹೊಯ್ಯೋದು. ಕುಗ್ಗಿದ ಹಳಿ ಗಾಲಿಯ ಎಲ್ಲ ಕೀಲುಗಳನ್ನೂ ಒಮ್ಮೆಲೇ ಬಿಗಿಯುತ್ತೆ. ಹಳೇ ಕುಲುಮೆ ಇನ್ನೂ ಇರೋ ಹಳ್ಳಿ ಸಿಕ್ಕರೆ ಅಲ್ಲಿ ಒಂದು ದಿನ ಸುಮ್ಮನೆ ಕೂತು ನೋಡು. ಪ್ರಶ್ನೆ ಕೇಳು, ಫೋನ್ ಕಡಿಮೆ ಹಿಡಿ. ನಿನ್ನ ಮಾಡೆಲ್ಲಿಗೆ ತೆಳು ಕಬ್ಬಿಣದ ಪಟ್ಟಿ, ಒಳ್ಳೇ ಅಂಟು ಸಾಕು. ಆದರೆ ಅದು ಯಾಕೆ ಅಷ್ಟು ಬಿಗಿ ಅಂತ ಗೊತ್ತಿದ್ದರೆ ನಿನ್ನ ಕೈ ತಾನಾಗೇ ಸಂದು ಬಿಡಲ್ಲ.

ಗಾಲಿ ಬಂತು ಅಂದರೆ ಅರ್ಧ ಗಾಡಿ ಬಂತು. ಮುಂದಿನ ಅಚ್ಚು ತಿರುಗಬೇಕು, ನೆನಪಿರಲಿ. ಅಂಟಿಸಿಬಿಡಬೇಡ. ಹಿಂದಿನ ಗಾಲಿಯ ಹತ್ತಿರ ಸರಪಳಿಯಲ್ಲಿ ತೂಗೋ ಒಂದು ಕಬ್ಬಿಣದ ಪಾದ ಇರುತ್ತೆ. ಇಳಿಜಾರಿನಲ್ಲಿ ಅದನ್ನು ಗಾಲಿಯ ಕೆಳಗೆ ಕೊಟ್ಟರೆ ಗಾಲಿ ಉರುಳದೆ ಜಾರುತ್ತೆ, ಗಾಡಿ ಕುದುರೆಯ ಮೇಲೆ ನುಗ್ಗಲ್ಲ. ಏರಿನಲ್ಲಿ ಗಾಲಿಯ ಹಿಂದೆಯೇ ಉರುಳಿಕೊಂಡು ಬರೋ ಒಂದು ಮರದ ಕೊರಡು ಇರುತ್ತೆ, ಕುದುರೆ ಉಸಿರು ತಗೊಳ್ಳೋಕೆ ನಿಂತರೆ ಗಾಡಿ ಹಿಂದಕ್ಕೆ ಹೋಗದ ಹಾಗೆ. ಇವೆರಡನ್ನೂ ಮಾಡು. ಯಾರೂ ಗಮನಿಸಲ್ಲ ಅಂತೀಯ? ಕುದುರೆ ಗಮನಿಸುತ್ತೆ.

ಮರದ ವಿಷಯದಲ್ಲಿ ಮಾತ್ರ ನೀನು ಅಸಲಿಗೆ ದ್ರೋಹ ಮಾಡಬೇಕು. ಆಶ್, ಓಕ್ ಮರಗಳ ನಾರು ಒರಟು. ಎಂಟರಲ್ಲಿ ಒಂದು ಅಳತೆಯಲ್ಲಿ ಆ ನಾರು ಹಗ್ಗದಷ್ಟು ದಪ್ಪ ಕಾಣುತ್ತೆ. ಮರವನ್ನು ಚಿಕ್ಕದು ಮಾಡಬಹುದು, ಅದರ ನಾರನ್ನಲ್ಲ. ನಮ್ಮ ತೇಗಕ್ಕೂ ಇದೇ ತೊಂದರೆ. ಚನ್ನಪಟ್ಟಣದವರು ಬೊಂಬೆಗೆ ತಿರುಗಿಸೋ ಆಲೆ ಮರ ಇದೆಯಲ್ಲ, ನುಣುಪು, ಬಿಳುಪು, ನಾರು ಕಣ್ಣಿಗೆ ಬೀಳಲ್ಲ. ಗುಂಭಕ್ಕೆ, ಆರೆಕಾಲಿಗೆ, ಬಾಗಿಲ ಕಂಬಕ್ಕೆ ಅದನ್ನೇ ಬಳಸು. ಹಲಗೆಯ ದಪ್ಪವನ್ನೂ ಭಾಗಿಸು. ಅರ್ಧ ಇಂಚಿನ ಹಲಗೆ ನಿನಗೆ ಒಂದೂವರೆ ಮಿಲಿಮೀಟರ್. 'ಗಟ್ಟಿ ಇರಲಿ' ಅಂತ ಮೂರು ಮಿಲಿಮೀಟರ್ ಹಾಕಿದರೆ ಕಿಟಕಿಯ ಚೌಕಟ್ಟು ಜೈಲಿನದಾಗುತ್ತೆ.

ಆಧಾರದ ಮರಗಳ ಅಂಚುಗಳನ್ನು ಓರೆಯಾಗಿ ಸವರಿ ತೆಗೆದಿರೋದನ್ನು ಫೋಟೋದಲ್ಲಿ ನೋಡಿದ್ದೀಯ, ಅಲಂಕಾರ ಅಂದುಕೊಂಡಿದ್ದೀಯ. ಗಾಡಿ ಬಡಗಿಗೆ ಅದು ತೂಕ ಇಳಿಸೋ ಉಪಾಯ. ಎಳೆಯೋದು ಒಂದು ಕುದುರೆ, ಗಾಡಿಯ ತೂಕ ಟನ್ನಿನ ಲೆಕ್ಕದ್ದು. ಬಲ ಬೇಡದ ಕಡೆ ಮರ ತೆಗೆದರು. ಕೀಲು ಬರೋ ಕಡೆ ಚೌಕವಾಗಿಯೇ ಬಿಟ್ಟರು. ಆಮೇಲೆ ಆ ಸವರಿದ ಜಾಗಕ್ಕೆ ಬೇರೆ ಬಣ್ಣ ಬಳಿದು ಚೆಂದ ಮಾಡಿದರು. ನೀನು ಕೀಲಿನ ಮೇಲೂ ಸವರಿಬಿಟ್ಟರೆ, ಇವರಿಗೆ ಗಾಡಿ ಗೊತ್ತಿಲ್ಲ ಅಂತ ಅಲ್ಲೇ ಬರೆದಿಟ್ಟ ಹಾಗೆ.

ಒಳಗನ್ನು ಬೇಗ ಹೇಳಿ ಮುಗಿಸ್ತೀನಿ, ಯಾಕೆಂದರೆ ಅದರ ಆಸೆ ನಿನಗೆ ಹೇಗೂ ಇದೆ. ಹಿಂಭಾಗದಲ್ಲಿ ಅಡ್ಡಲಾಗಿ ದೊಡ್ಡವರ ಹಾಸಿಗೆ, ಅದರ ಕೆಳಗೆ ಸರಿಸೋ ಬಾಗಿಲಿನ ಗೂಡು, ಅಲ್ಲಿ ಮಕ್ಕಳು. ಕೂರೋ ಪೆಟ್ಟಿಗೆ ಗೋಡೆಗೇ ಸೇರಿದ್ದು, ಗಾಡಿ ಅಲುಗಿದರೂ ಜರುಗಬಾರದಲ್ಲ. ಓರೆ ಅಂಚಿನ ಕನ್ನಡಿ, ಎಣ್ಣೆದೀಪ, ಒಳ್ಳೇ ಮನೆಯಲ್ಲಿ ಕ್ರೌನ್ ಡರ್ಬಿ ಪಿಂಗಾಣಿ. ಕೆಲವು ಗಾಡಿಗಳಿಗೆ ಚಾವಣಿಯ ನಡುವೆ ಎತ್ತರಿಸಿದ ಬೆಳಕಿಂಡಿ. ಅದು ಇರಲಿ, ಇಲ್ಲದಿರಲಿ, ಚಾವಣಿಯನ್ನು ಕಳಚೋ ಹಾಗೆ ಮಾಡು. ಹಾಗೆ ಮಾಡದಿದ್ದರೆ ಇಷ್ಟೆಲ್ಲ ಮಾಡಿದ್ದನ್ನು ಯಾರಿಗೂ ತೋರಿಸೋಕಾಗಲ್ಲ.

ಈಗ ನಿನಗೆ ರುಚಿಸದ ಮಾತು. ಇದು ಆಟಿಕೆಯಲ್ಲ, ಒಂದು ಜನದ ಮನೆ. ಪಾತ್ರೆಪಡಗದ ಪೆಟ್ಟಿಗೆ ಗಾಡಿಯ ಹಿಂದೆ ಹೊರಗಡೆ ಯಾಕಿದೆ? ಅಡುಗೆ ಬಹುಪಾಲು ಹೊರಗಿನ ಬೆಂಕಿಯ ಮೇಲೆ ಆಗ್ತಿತ್ತು. ಮುಖ ತೊಳೆಯೋ ಬೋಗುಣಿ ಬೇರೆ, ಪಾತ್ರೆ ತೊಳೆಯೋದು ಬೇರೆ. ಮಡಿ-ಮೈಲಿಗೆಯ ಲೆಕ್ಕ ಬಲು ಬಿಗಿ. ಹೆರಿಗೆಗೆ ಕೂಡ ಪಕ್ಕದಲ್ಲಿ ಗುಡಾರ ಹಾಕ್ತಿದ್ದರು. ನಿನ್ನ ಅಜ್ಜಿಗೆ ಇದನ್ನು ಹೇಳಿದಾಗ ಅವಳು ಒಂದಿಷ್ಟೂ ಆಶ್ಚರ್ಯಪಡಲಿಲ್ಲ. ಯಜಮಾನ ತೀರಿಕೊಂಡರೆ ಅವನ ಗಾಡಿಯನ್ನೇ ಸಾಮಾನಿನ ಸಮೇತ ಸುಡೋದು ಹಳೇ ಪದ್ಧತಿ. ಮ್ಯೂಸಿಯಂಗಳಲ್ಲಿ ಹಳೇ ಗಾಡಿ ಕಡಿಮೆ ಇರೋದಕ್ಕೆ ಅದೂ ಒಂದು ಕಾರಣ. ಇದು ಗೊತ್ತಿದ್ದವರು ಮಾಡೆಲ್ಲಿನ ಪಾತ್ರೆ ಪೆಟ್ಟಿಗೆಯನ್ನು ಹಾಸಿಗೆಯ ಪಕ್ಕ ಇಡಲ್ಲ.

ಜೋಳಿಗೆ ಹೊತ್ತು ಹಾಡಿಕೊಂಡು ತಿರುಗೋ ಸುಖಜೀವಿಗಳು ಅನ್ನೋ ಸಿನಿಮಾ ಚಿತ್ರವನ್ನೂ ತಲೆಯಿಂದ ತೆಗಿ. 1530ರಲ್ಲಿ ಇಂಗ್ಲೆಂಡಿನಲ್ಲಿ ಇವರನ್ನು ದೇಶದಿಂದ ಹೊರಹಾಕೋಕೆ ಕಾನೂನು ಬಂತು. 1554ರಲ್ಲಿ ಬಿಟ್ಟು ಹೋಗದವರಿಗೆ ಮರಣದಂಡನೆ ಅಂತಾಯಿತು. ಹಿಟ್ಲರನ ಕಾಲದಲ್ಲಿ ಯುರೋಪಿನ ರೋಮಾ ಜನರನ್ನು ಲಕ್ಷಗಟ್ಟಲೆ ಕೊಂದರು. ಗಾಡಿ ನಿಲ್ಲಿಸೋಕೆ ಒಂದು ಜಾಗ ಸಿಗೋದು ಅವರಿಗೆ ಇವತ್ತಿಗೂ ಜಗಳದ ವಿಷಯವೇ. ಮಾಡೆಲ್ಲಿನ ಪಕ್ಕ ಮಂತ್ರಗೋಲ, ಕಣಿ ಹೇಳೋ ಮುದುಕಿ, ಕಳ್ಳನ ಗೊಂಬೆ ಇಡೋ ಯೋಚನೆ ಇದ್ದರೆ ಇಲ್ಲೇ ಬಿಡು.

ಹಾಗೇ ಇನ್ನೊಂದು. ಇವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು ಅನ್ನೋದನ್ನು ಅವರ ಭಾಷೆಯೇ ಹೇಳುತ್ತೆ. 1971ರಲ್ಲಿ ಲಂಡನ್ ಹತ್ತಿರ ನಡೆದ ಮೊದಲ ವಿಶ್ವ ರೊಮಾನಿ ಸಮ್ಮೇಳನದಲ್ಲಿ ಒಪ್ಪಿಕೊಂಡ ಧ್ವಜದ ನಡುವೆ 16 ಆರೆಕಾಲಿನ ಕೆಂಪು ಚಕ್ರ ಇದೆ, ಕೆಳಗೆ ಹಸಿರು, ಮೇಲೆ ನೀಲಿ. ಇದನ್ನು ಕೇಳಿ ನಿನ್ನ ಎದೆ ಉಬ್ಬುತ್ತೆ, ಗೊತ್ತು. ಅಷ್ಟಕ್ಕೇ 'ನಮ್ಮ ಲಂಬಾಣಿಗಳ ಗಾಡಿ' ಅಂತ ಫಲಕ ಬರೆದು ನಿಲ್ಲಿಸಬೇಡ. ಈ ಗಾಡಿ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಬಡಗಿಯ ಕೈಯದ್ದು, ರೊಮಾನಿ ಮನೆಯವರ ಅಭಿರುಚಿಯದ್ದು. ಅವರಿಗೆ ಸಲ್ಲಬೇಕಾದ್ದನ್ನು ಅವರಿಗೇ ಬಿಡು.

ಎಂದಾದರೂ ಜೂನ್ ತಿಂಗಳಲ್ಲಿ ಆ ಕಡೆ ಹೋದರೆ ಕಂಬ್ರಿಯಾದ ಆಪಲ್‌ಬಿ ಕುದುರೆ ಜಾತ್ರೆಗೆ ಹೋಗು. ಈಡನ್ ಹೊಳೆಯಲ್ಲಿ ಹುಡುಗರು ಕುದುರೆ ಮೈ ತೊಳೀತಾರೆ, ಗುಡ್ಡದ ಮೇಲೆ ಹಳೇ ಗಾಡಿಗಳು ನಿಂತಿರುತ್ತವೆ. ಅಲ್ಲಿ ಬಾಗಿಲು ತೆರೆದಿದೆ ಅಂತ ಇಣುಕಬೇಡ. ನಿಮ್ಮ ಮನೆಯ ಕಿಟಕಿಗೆ ಮುಖ ಒತ್ತಿ ಫೋಟೋ ತೆಗೆದರೆ ನಿಮ್ಮಮ್ಮ ಏನು ಮಾಡ್ತಾಳೆ? ನಮಸ್ಕಾರ ಹೇಳು, ಗಾಲಿಯ ಬಗ್ಗೆ ಕೇಳು. ಗಾಲಿಯ ಬಗ್ಗೆ ಕೇಳಿದವರಿಗೆ ಮಾತಾಡದವರು ಲೋಕದಲ್ಲಿ ಕಡಿಮೆ. ನನಗಂತೂ ಒಬ್ಬ ಹಿರಿಯರು ಅಚ್ಚಿಗೆ ಹಾಕೋ ಗ್ರೀಸಿನ ಬಗ್ಗೆ ಹೇಳೋಕೆ ಶುರುಮಾಡಿದವರು ಮಧ್ಯಾಹ್ನದ ಬಸ್ ತಪ್ಪಿಸಿದರು.

ಕೆಲಸದ ಮೇಜಿನ ಬಗ್ಗೆ ಎರಡು ಮಾತು. ಉಳಿ ಮೊಂಡಾದ ಕೂಡಲೇ ಮಸೆ, ಆಮೇಲೆ ಅನ್ನಬೇಡ. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತೆ, ಬಲ ಹಾಕಿದ ಉಳಿ ಬೆರಳಿಗೆ ಬರುತ್ತೆ. ರಾತ್ರಿ ನಿದ್ದೆ ತೂಗೋವಾಗ ಅಂಟು ಹಚ್ಚಬೇಡ. ಹಚ್ಚಿದ ಫೆವಿಕಾಲ್ ರಾತ್ರಿ ಪೂರಾ ಒಣಗಲಿ. ಅರ್ಧ ಗಂಟೆಗೊಮ್ಮೆ ಎತ್ತಿ ಅಲುಗಿಸಿ ನೋಡೋ ನಿನ್ನ ಚಾಳಿಯಿಂದಲೇ ಕೀಲುಗಳು ಸಡಿಲ. ಲೇಸರ್ ಮೆಷಿನ್ನಿನಲ್ಲಿ ಎಲ್ಲಾ ಕತ್ತರಿಸಿ ತರಿಸಬಹುದು ಅಂದೆ. ತರಿಸು, ನನಗೇನೂ ಕೋಪವಿಲ್ಲ. ಗೋಡೆ ಹಲಗೆಗೆ ಒಳ್ಳೆಯದೇ. ಆದರೆ ಲೇಸರ್ ಸುಟ್ಟ ಕಪ್ಪು ಅಂಚನ್ನು ಉಪ್ಪು ಕಾಗದ ಹಿಡಿದು ಉಜ್ಜಿ ತೆಗಿ, ಅದರ ಮೇಲೆ ಅಂಟೂ ಸರಿಯಾಗಿ ಹಿಡಿಯಲ್ಲ, ಬಣ್ಣವೂ ಹಿಡಿಯಲ್ಲ. ಕೆತ್ತನೆಯನ್ನು ಮಾತ್ರ ಕೈಯಲ್ಲೇ ಮಾಡು. ಮುಂಬಾಗಿಲ ಮೇಲಿನ ದ್ರಾಕ್ಷಿಗೊಂಚಲು, ಕುದುರೆ ತಲೆ ಎರಡು ಕಡೆಯೂ ಅಚ್ಚುಹೊಡೆದಂತೆ ಒಂದೇ ಇದ್ದರೆ ಅದಕ್ಕೆ ಜೀವವೇ ಇರಲ್ಲ.

ಮತ್ತೆ, ಗಾಲಿ ಒಂದು ಆದ ಕೂಡಲೇ ಲೋಕಕ್ಕೆಲ್ಲ ಫೋಟೋ ಕಳಿಸಬೇಡ. ನೂರು ಜನ 'ಸೂಪರ್' ಅಂತಾರೆ, ಉಳಿದ ಮೂರು ಗಾಲಿ ಮಾಡೋ ಉತ್ಸಾಹ ಅವರ ಜೊತೆಗೇ ಹೋಗಿಬಿಡುತ್ತೆ. 1908ರಲ್ಲಿ ಕೆನೆತ್ ಗ್ರಹಾಮ್ ಬರೆದ 'ದಿ ವಿಂಡ್ ಇನ್ ದಿ ವಿಲೋಸ್' ಓದಿದ್ದೀಯಾ? ಅದರಲ್ಲೊಂದು ಕಪ್ಪೆ. ಹೊಚ್ಚಹೊಸ ಹಳದಿ ಜಿಪ್ಸಿ ಗಾಡಿ ಕೊಂಡು, ಲೋಕವೆಲ್ಲ ಸುತ್ತೋಣ ಅಂತ ಗೆಳೆಯರನ್ನು ಎಳೆದುಕೊಂಡು ಹೊರಡುತ್ತೆ. ದಾರಿಯಲ್ಲಿ ಒಂದು ಮೋಟಾರು ಕಾರು ಹಾದುಹೋಗುತ್ತೆ, ಗಾಡಿ ಹಳ್ಳಕ್ಕೆ ಬೀಳುತ್ತೆ, ಕಪ್ಪೆ ಧೂಳಿನಲ್ಲೇ ಕೂತು ಕಾರಿನ ಧ್ಯಾನ ಶುರುಮಾಡುತ್ತೆ. ಓದುವಾಗ ಯಾರ ಮುಖ ನೆನಪಾಯಿತು ಅಂತ ನಾನು ಹೇಳಲ್ಲ. ಹೋದ ವರ್ಷದ ಡ್ರೋನ್, ಅದರ ಹಿಂದಿನ ವರ್ಷದ ಗಿಟಾರ್ ಎರಡೂ ನಿನ್ನ ಮಂಚದ ಕೆಳಗೇ ಇವೆ ಅಂತ ನಿಮ್ಮಮ್ಮ ಹೇಳಿದಳು.

ಎಲ್ಲಾ ಆದ ಮೇಲೆ ಅಟ್ಟದಿಂದ ಆ ಡಬ್ಬಿ ಇಳಿಸು. ಮೊದಲು ಬುನಾದಿ ಬಣ್ಣ, ತೆಳ್ಳಗೆ. ಒಣಗಿದ ಮೇಲೆ ಉಜ್ಜು, ಮತ್ತೆ ತೆಳ್ಳಗೆ. ಬಣ್ಣದ ದಪ್ಪವನ್ನೂ ಎಂಟರಿಂದ ಭಾಗಿಸೋಕಾಗಲ್ಲ, ಹಾಗಾಗಿ ಆದಷ್ಟು ಕಡಿಮೆ ಬಳಿ, ಹಲಗೆಯ ಸಂದುಗಳು ತುಂಬಿಹೋಗಬಾರದು. ರೀಡಿಂಗ್ ಗಾಡಿಗೆ ಕೆಂಪು ಒಡಲು, ಅಂಚುಗಳಿಗೆ ಹಳದಿ, ಹಸಿರು ಒಪ್ಪುತ್ತೆ. ಬಂಗಾರ ಕೆತ್ತನೆಯ ಮೇಲೆ ಮಾತ್ರ. ಅಸಲಿನಲ್ಲಿ ಅದು ಬಂಗಾರದ ರೇಕು, ಮನೆಯವರ ಅನುಕೂಲ ಎಷ್ಟು ಅಂತ ಊರಿಗೆ ತೋರಿಸೋ ಜಾಗ. ಗಾಲಿಯ ಗೆರೆಗಳನ್ನು ಎಳೆಯೋಕೆ ಉದ್ದ ಕೂದಲಿನ ಕುಂಚ ಬೇಕು, ಕೈ ನಿಲ್ಲಿಸಿ ಗಾಲಿ ತಿರುಗಿಸು. ಕುಂಚ ಹಿಡಿಯೋ ಮುಂಚೆ ಕಾಫಿ ಬೇಡ.

ಕುದುರೆ ಮಾಡ್ಲಾ ಅಂತ ಕೇಳಿದ್ದೆ. ಬೇಡ. ಈ ಅಳತೆಗೆ ಕುದುರೆ ಹೆಗಲ ಹತ್ತಿರ ಏಳು ಇಂಚು ಬರುತ್ತೆ, ಕಾಲ ತುಂಬ ಕೂದಲಿರೋ ಕಪ್ಪು-ಬಿಳಿ ಕಾಬ್ ಜಾತಿಯದ್ದು. ಅದನ್ನು ಕೆತ್ತೋದು ಬೇರೆಯೇ ವಿದ್ಯೆ. ಅಂಗಡಿಯ ಪ್ಲಾಸ್ಟಿಕ್ ಕುದುರೆ ಕಟ್ಟಿದರೆ ಇಷ್ಟು ದಿನದ ಕೆಲಸವೆಲ್ಲ ಮಣ್ಣುಪಾಲು. ಗಾಡಿ ಬಿಡಾರ ಹೂಡಿದೆ ಅಂತ ಇಟ್ಟುಕೋ. ಮೂಕಿಗಳ ತುದಿ ನೆಲಕ್ಕೆ ತಾಗಲಿ, ಅವುಗಳ ನಡುವೆ ಮೆಟ್ಟಿಲು ಇಡು, ಬಾಗಿಲಿನ ಮೇಲಿನ ಅರ್ಧ ತೆರೆದಿರಲಿ. ಪಕ್ಕದಲ್ಲಿ ನೆಲಕ್ಕೆ ಊರಿದ ಕಬ್ಬಿಣದ ಕೊಕ್ಕೆಗೆ ಒಂದು ಕೆಟಲ್ ನೇತುಹಾಕು. ಕುದುರೆ ಎಲ್ಲಿ ಅಂತ ಯಾರಾದರೂ ಕೇಳಿದರೆ, ಮೇಯೋಕೆ ಹೋಗಿದೆ ಅನ್ನು.